ಗ್ಯಾಲರಿಯಿಂದ ಬಂದ ಪ್ರಶ್ನೆ

ಆ ಊರಿನ ಬಸ್ಸುಗಳಲ್ಲಿ ಕಂಡಕ್ಟರಮ್ಮ ಎಂದರೆ ಜನರಿಗೆ ನೆನಪಾಗುತ್ತಿದ್ದುದು ಒಬ್ಬಳೇ. ಬೇರೆ ಹೆಂಗಸರೂ ಆ ಕೆಲಸದಲ್ಲಿದ್ದರು, ಆದರೆ ಆ ಗಂಟಲು ಯಾರಿಗೂ ಇರಲಿಲ್ಲ. "ಒಳಗೆ ನಡೀರಿ, ಒಳಗೆ!" ಎಂದು ಆಕೆ ಕೂಗಿದರೆ ನಿಂತವರಿರಲಿ, ಕೂತವರೂ ಎದ್ದು ಒಂದು ಹೆಜ್ಜೆ ಮುಂದಿಡುತ್ತಿದ್ದರು.

"ಮನೇಲಿ ಬಾಯಿಗೆ ಕೆಲಸ ಇಲ್ಲ. ಅಲ್ಲಿ ಉಳಿದದ್ದನ್ನೆಲ್ಲ ತಂದು ಇಲ್ಲಿ ಖರ್ಚು ಮಾಡ್ತಾಳೆ," ಎಂದು ಡ್ರೈವರ್ ನಗುತ್ತಿದ್ದ.

ಮಾತು ಸುಳ್ಳಲ್ಲ. ಆಕೆಯ ಅಪ್ಪ ಅಮ್ಮ ಇಬ್ಬರಿಗೂ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಅಪ್ಪ ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಅಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಮನೆಯಲ್ಲಿ ನಡೆಯುತ್ತಿದ್ದುದೆಲ್ಲ ಕೈಮಾತು. ಹೊರಗಿನವರು ಬಾಗಿಲಿಗೆ ಬಂದರೆ ನಡುವೆ ನಿಲ್ಲುವುದು ಮಗಳ ಪಾಲು. ಒಮ್ಮೆ ಮನೆಯ ಮಾಲೀಕ ಬಂದು, ಬೆಳಗಿನ ಜಾವದಲ್ಲೇ ಹೊಲಿಗೆ ಯಂತ್ರದ ಗದ್ದಲದಿಂದ ನಿದ್ದೆ ಹಾಳಾಗುತ್ತಿದೆ ಎಂದು ರೇಗಾಡಿದ. ಮಗಳು ಅದನ್ನು ಕೈಯಲ್ಲಿ ಹೇಳಿದಾಗ ಅಮ್ಮ ಕಣ್ಣರಳಿಸಿ, "ಯಂತ್ರ ಸದ್ದು ಮಾಡುತ್ತಾ? ಇಷ್ಟು ದಿನ ನನಗ್ಯಾಕೆ ಹೇಳಲಿಲ್ಲ?" ಎಂದು ಮಗಳನ್ನೇ ತರಾಟೆಗೆ ತೆಗೆದುಕೊಂಡರು.

ಅಪ್ಪ ತೀರಿಕೊಂಡಾಗ ಆಕೆ ಬಸ್ಸಿನಲ್ಲಿದ್ದಳು. ಕೆಲಸದ ನಡುವೆ ಎದೆ ಹಿಡಿದುಕೊಂಡ ಅವರನ್ನು ಮುದ್ರಣಾಲಯದವರು ದೊಡ್ಡ ಆಸ್ಪತ್ರೆಗೆ ಸೇರಿಸಿ ವಾಪಸಾಗಿದ್ದರು. ಅಪ್ಪ ಕೈಯಲ್ಲಿ ಹೇಳಿದ್ದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಹೊಟ್ಟೆನೋವೆಂದುಕೊಂಡು ಮಾತ್ರೆ ಕೊಟ್ಟು ಬೆಂಚಿನ ಮೇಲೆ ಕೂರಿಸಿದ್ದರು. ಮಗಳು ಓಡೋಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಏನಾಗ್ತಿದೆ ಅಂತ ಅವರನ್ನ ಕೇಳಲಿಲ್ವಾ ಡಾಕ್ಟರೇ?"

"ಕೇಳಿದ್ವಮ್ಮ. ಉತ್ತರ ಕೊಡಲಿಲ್ಲ."

ಉತ್ತರ ಕೊಡಲಿಲ್ಲವಂತೆ! ಸಾಯುವ ತನಕ ಆ ಮನುಷ್ಯ ಉತ್ತರ ಕೊಡುತ್ತಲೇ ಇದ್ದಿರಬೇಕು. ಆ ಮಾತು ಆಕೆಯ ಮನಸ್ಸಿನಲ್ಲಿ ಮುಳ್ಳಿನಂತೆ ನೆಟ್ಟುಬಿಟ್ಟಿತು. ಅಮ್ಮನನ್ನೂ ಅಮ್ಮನ ಕಿವುಡ ಗೆಳತಿಯರನ್ನೂ ಕರೆದುಕೊಂಡು ತಮ್ಮ ಕ್ಷೇತ್ರದ ಶಾಸಕರ ಮನೆಗೆ ಹೋದಳು. ದೊಡ್ಡ ಆಸ್ಪತ್ರೆಗಳಲ್ಲಿ ಕೈಮಾತು ಬಲ್ಲವರೊಬ್ಬರು ಇರಲೇಬೇಕೆಂದು ಕಾನೂನು ಮಾಡಿ ಎಂದು ಕೇಳಿದಳು. ಶಾಸಕರು ಕಾಫಿ ಕೊಟ್ಟರು, ಮರುಗಿದರು, ಮುಂದಿನ ಅಧಿವೇಶನದಲ್ಲಿ ಮಸೂದೆ ಬಂದೇ ಬರುತ್ತದೆ ಎಂದು ಮಾತು ಕೊಟ್ಟರು.

ಅಧಿವೇಶನದ ಮೊದಲ ದಿನ ಈ ಬಾರಿಯ ಆದ್ಯತೆಗಳೇನು ಎಂದು ಸರ್ಕಾರ ಸದನದಲ್ಲಿ ಹೇಳುವುದು ವಾಡಿಕೆ. ಅದನ್ನು ಕಣ್ಣಾರೆ ನೋಡಲೆಂದು ಇಡೀ ಗುಂಪು ಪಾಸು ಪಡೆದು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿತು. 'ಆದ್ಯತೆ' ಎನ್ನುವುದಕ್ಕೆ ಅವರ ಕೈಮಾತಿನಲ್ಲಿ ಸರಿಯಾದ ಸನ್ನೆ ಇರಲಿಲ್ಲ. ಅಮ್ಮನೇ ಒಂದು ಹೊಸೆದರು: ನಿಂತವರ ಸಾಲೊಂದನ್ನು ಎಡಗೈಯಿಂದ ಹಿಂದೆ ಸರಿಸಿದಂತೆ ಮಾಡಿ, ಬಲಗೈಯ ಹೆಬ್ಬೆರಳನ್ನು ಎಲ್ಲರ ಮುಂದೆ ನಿಲ್ಲಿಸುವುದು. ಮುಖ್ಯಮಂತ್ರಿ ಓದತೊಡಗಿದರು, ಮಗಳ ಕೈ ಆಡತೊಡಗಿತು. ಅಷ್ಟರಲ್ಲಿ ಮಾರ್ಷಲ್ ಬಂದು ಬಗ್ಗಿದ.

"ಗ್ಯಾಲರಿಯಲ್ಲಿ ಸನ್ನೆ ಮಾಡೋ ಹಾಗಿಲ್ಲ."

"ಇದು ಸನ್ನೆ ಅಲ್ಲಪ್ಪ, ಮಾತು."

"ಮಾತೂ ಆಡೋ ಹಾಗಿಲ್ಲ."

ಪಕ್ಕದ ಸಾಲಿನವರು ಕಿಸಕ್ಕನೆ ನಕ್ಕರು. ಆಕೆ ಹಿಡಿದ ವಾಕ್ಯವನ್ನು ಮುಗಿಸಿಯೇ ಎದ್ದಳು. ಎಲ್ಲರನ್ನೂ ಹೊರಗೆ ಕಳಿಸಲಾಯಿತು. ಮಸೂದೆಯ ಹೆಸರೇ ಬರಲಿಲ್ಲವೆಂದು ತಿಳಿದದ್ದು ಮರುದಿನದ ಪತ್ರಿಕೆಯಿಂದ.

ಅಂದಿನಿಂದ ಆಕೆಯ ವಾರದ ರಜೆಗಳೆಲ್ಲ ಸಭಾಧ್ಯಕ್ಷರ ಕಚೇರಿಯ ಹೊರಗಿನ ಬೆಂಚಿಗೆ ಮೀಸಲಾದವು. ಪಕ್ಕದಲ್ಲಿ ಅಮ್ಮ ಕೂತು ರವಿಕೆಗಳಿಗೆ ಕೊಕ್ಕೆ ಹಾಕುತ್ತಿದ್ದರು. ಮಗಳು ಕೇಳುತ್ತಿದ್ದುದು ಒಂದೇ: ಸದನ ಏನು ಹೇಳುತ್ತದೆಂದು ಕಿವಿ ಕೇಳದವರಿಗೂ ತಿಳಿಯಬೇಕು. ಕಾರ್ಯದರ್ಶಿ ಸಾಗಹಾಕಿ ಸಾಗಹಾಕಿ ಸುಸ್ತಾದರು. ಕೊನೆಗೊಂದು ದಿನ ಸಭಾಧ್ಯಕ್ಷರೇ ಒಳಗೆ ಕರೆದರು. ನರೆತ ಕೂದಲಿನ, ಕಡಿಮೆ ಮಾತಿನ ಹೆಂಗಸು.

"ಮಾಡೋರು ಯಾರಮ್ಮ? ನಮ್ಮಲ್ಲಿ ಗೊತ್ತಿರೋರು ಯಾರೂ ಇಲ್ಲ."

"ನಾನಿದ್ದೀನಲ್ಲ."

"ನೀವು ಬಸ್ಸಿನಲ್ಲಿ ಟಿಕೆಟ್ ಕೊಡೋರು ಅಂದರು?"

"ಹೌದು ಮೇಡಂ. ಸದನ ಶುರುವಾಗೋ ದಿನ ರಜೆ ಹಾಕ್ತೀನಿ."

ಸಭಾಧ್ಯಕ್ಷರು ದಿನಚರಿಯಲ್ಲಿ ಗುರುತು ಹಾಕಿಕೊಂಡರು. "ಮೊದಲ ದಿನಕ್ಕೆ ಮಾತ್ರ. ನೋಡೋಣ," ಎಂದರು.

ಹೊಸ ಅಧಿವೇಶನ ಶುರುವಾದ ದಿನ ಸಭಾಧ್ಯಕ್ಷರ ಪೀಠದ ಪಕ್ಕದಲ್ಲಿ ಒಂದು ಮಣೆ ಹಾಕಿ ಆಕೆಯನ್ನು ನಿಲ್ಲಿಸಿದರು. ಕೈ ಎದ್ದು ಕಾಣಲೆಂದು ಅಮ್ಮ ಹೊಲಿದುಕೊಟ್ಟ ಕಪ್ಪು ಅಂಗಿ ತೊಟ್ಟಿದ್ದಳು. ಎದುರಿಗೆ ಗ್ಯಾಲರಿಯಲ್ಲಿ ಅಮ್ಮ, ಗೆಳತಿಯರು. ಮುಖ್ಯಮಂತ್ರಿ ಓದಿದರು: ಕುಡಿಯುವ ನೀರು, ಹಳ್ಳಿ ರಸ್ತೆ, ಶಾಲೆಗಳ ಸೋರುವ ಚಾವಣಿ, ವಿದ್ಯುತ್ ಮಾರ್ಗ. ನಡುವೆ ವಿರೋಧ ಪಕ್ಷದವರೊಬ್ಬರು "ಬರೀ ಬೊಗಳೆ!" ಎಂದು ಕೂಗಿದರು. ಆಕೆ ಅದನ್ನೂ ಬಿಡದೆ ಹೇಳಿದಳು. ಗ್ಯಾಲರಿಯ ಒಂದಿಡೀ ಸಾಲು ಸದ್ದಿಲ್ಲದೆ ಭುಜ ಕುಣಿಸಿ ನಕ್ಕಿತು.

"ಇವಿಷ್ಟು ಈ ಅಧಿವೇಶನದ ಆದ್ಯತೆಗಳು," ಎಂದು ಮುಖ್ಯಮಂತ್ರಿ ಕೂತರು.

ಆಸ್ಪತ್ರೆಯ ಮಾತು ಈ ಸಲವೂ ಇಲ್ಲ. ಆದರೂ ಹೇಳಿದ್ದನ್ನು ಹೇಳಿದಂತೆಯೇ ದಾಟಿಸಿ ಕೈ ಇಳಿಸಿದಳು.

ಗ್ಯಾಲರಿಯಲ್ಲಿ ಅಮ್ಮ ಎದ್ದು ನಿಂತರು. ದೊಡ್ಡದಾಗಿ, ನಿಧಾನವಾಗಿ ಕೈಯಾಡಿಸಿದರು. ಮಾರ್ಷಲ್ ಎರಡು ಹೆಜ್ಜೆ ಮುಂದಿಟ್ಟು, ಏನು ಮಾಡಬೇಕೆಂದು ತೋಚದೆ ನಿಂತ. ಸದನವೆಲ್ಲ ಕತ್ತೆತ್ತಿ ಮೇಲೆ ನೋಡಿತು.

"ಏನಂತಿದ್ದಾರೆ ಅವರು?" ಸಭಾಧ್ಯಕ್ಷರು ಆಕೆಯತ್ತ ತಿರುಗಿದರು.

ಆಕೆಯ ಮುಂದೆ ಮೈಕ್ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. "ನನ್ನ ಗಂಡ ಆಸ್ಪತ್ರೆಯಲ್ಲಿ ನೋವು ಹೇಳ್ತಾ ಹೇಳ್ತಾ ಸತ್ತರು. ಯಾರಿಗೂ ಅರ್ಥ ಆಗಲಿಲ್ಲ. ನಮ್ಮ ಮಸೂದೆ ಎಲ್ಲಿ? ಅಂತ ಕೇಳ್ತಿದ್ದಾರೆ."

ಕಡೆಯ ಸಾಲಿನವರೆಗೂ ಕೇಳಿಸಿತು.

ಸಭಾಧ್ಯಕ್ಷರು, ಪ್ರೇಕ್ಷಕರು ಪ್ರಶ್ನೆ ಕೇಳುವಂತಿಲ್ಲ, ಈ ಮಾತು ಕಡತಕ್ಕೆ ಹೋಗುವುದಿಲ್ಲ ಎಂದರು. ಆಮೇಲೆ, "ಸದಸ್ಯರು ಯಾರಾದರೂ ಕೇಳೋದಿದ್ದರೆ ಕೇಳಬಹುದು," ಎಂದು ಸೇರಿಸಿದರು. ಮಾತು ಕೊಟ್ಟಿದ್ದ ಶಾಸಕರು ಮುಖ ಕೆಂಪಗೆ ಮಾಡಿಕೊಂಡು ಎದ್ದರು. ಅವರ ಹಿಂದೆಯೇ "ಬರೀ ಬೊಗಳೆ" ಎಂದಿದ್ದವರೂ ಎದ್ದರು. ಇಬ್ಬರೂ ಕೇಳಿದ್ದು ಅದೇ ಪ್ರಶ್ನೆಯನ್ನು.

ಆ ಅಧಿವೇಶನದಲ್ಲಿ ಮಸೂದೆ ಬರಲಿಲ್ಲ. ಪರಿಶೀಲಿಸುತ್ತೇವೆ ಎಂಬ ಉತ್ತರವಷ್ಟೇ ಸಿಕ್ಕಿತು. ಆಕೆ ಬೆಂಚನ್ನು ಬಿಡಲಿಲ್ಲ. ಅದರ ಮುಂದಿನ ಅಧಿವೇಶನದ ಆದ್ಯತೆಗಳಲ್ಲಿ ಮಸೂದೆ ಕೊಟ್ಟಕೊನೆಯದಾಗಿ ಬಂತು. ಅಂದೂ ಅದೇ ಮಣೆಯ ಮೇಲೆ ನಿಂತು ಅದನ್ನು ಕೈಯಲ್ಲಿ ಹೇಳಿದವಳು ಆಕೆಯೇ. ಕಾನೂನಾಗುವ ಹೊತ್ತಿಗೆ ಅಮ್ಮನ ಕನ್ನಡಕ ಇನ್ನಷ್ಟು ದಪ್ಪವಾಗಿತ್ತು.

ಕಾನೂನಾದ ಮಾತ್ರಕ್ಕೆ ಕೈಮಾತು ಬಲ್ಲವರು ಎಲ್ಲಿಂದ ಉದುರಬೇಕು? ಈಗ ಭಾನುವಾರ ಬೆಳಗ್ಗೆ ಹೊಲಿಗೆ ಕೋಣೆಯಲ್ಲಿ ಯಂತ್ರವನ್ನು ಗೋಡೆಗೆ ಸರಿಸಿ, ಆಸ್ಪತ್ರೆಯ ನರ್ಸುಗಳು ಚಾಪೆಯ ಮೇಲೆ ಕೂರುತ್ತಾರೆ. ಅಮ್ಮನೇ ಮೇಡಂ. ರೋಗಿಯಂತೆ ನರಳುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ; ಕೈಮಾತಿನ ಅರ್ಧ ಇರುವುದು ಮುಖದಲ್ಲೇ. ಎಲ್ಲರಿಗಿಂತ ಚಿಕ್ಕ ನರ್ಸು ಅವರ ಬೆರಳುಗಳನ್ನೇ ನೋಡುತ್ತಾ, "ಹೊಟ್ಟೆನೋವಾ?" ಎಂದು ಕೈಯಲ್ಲಿ ಕೇಳುತ್ತಾಳೆ. ಅಮ್ಮ ಅಲ್ಲವೆಂದು ತಲೆಯಾಡಿಸಿ, ಅವಳ ಗಲ್ಲ ಹಿಡಿದು ಮುಖವನ್ನು ತಮ್ಮ ಮುಖದತ್ತ ಎತ್ತುತ್ತಾರೆ. ಮತ್ತೆ ಮೊದಲಿನಿಂದ ಹೇಳುತ್ತಾರೆ.