ರೇಣು ಹೇಳಿರಲಿಲ್ಲ

ರೇಣು ಹೇಳಿರಲಿಲ್ಲ, ಶೈಲಕ್ಕ. ನಿಮ್ಮ ತಂಗಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ನಾನೇ ನಿಮ್ಮ ಫೋನಿನೊಳಗೆ ಕಳ್ಳಿಯ ಹಾಗೆ ಹೊಕ್ಕು ಓದಿದ್ದೆ — ಆಮೇಲೆ ಅವಳ ಹೆಸರು ಹೇಳಿದೆ. ಆರು ವರ್ಷವಾಯಿತು.

ಜೆ.ಪಿ. ನಗರದ ನಮ್ಮ ಆಫೀಸಿನಲ್ಲಿ ಮೊಬೈಲ್ ಸಾಫ್ಟ್‌ವೇರಿನಲ್ಲಿ ಕಳ್ಳರು ನುಗ್ಗಬಹುದಾದ ತೂತು ಹುಡುಕಿ ವರದಿ ಮಾಡುವುದೇ ನಮ್ಮ ಹೊಟ್ಟೆಪಾಡಾಗಿತ್ತು. ಗದಗಿನಿಂದ ಬಂದು ಬಿಟಿಎಂನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ನನಗೆ ಮೊದಲ ದೊಡ್ಡ ತೂತು ಸಿಕ್ಕಿತ್ತು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ! ಟಾರ್ಚ್ ಹಚ್ಚುವ ಪುಟ್ಟ ಆ್ಯಪ್ ಬರೆದಿದ್ದೆ. ಫೋಟೊ, ಮೆಸೇಜು, ಯಾವುದನ್ನೂ ಮುಟ್ಟುವ ಅನುಮತಿ ಅದಕ್ಕಿರಲಿಲ್ಲ. ಆದರೂ ಫೋನಿನ ಒಂದು ಸಣ್ಣ ದೋಷ ಹಿಡಿದು ಮೆಲ್ಲಗೆ ಮೇಲೇರಿ, ಇಡೀ ಫೋನಿಗೇ ಯಜಮಾನನಾಗಿಬಿಡುತ್ತಿತ್ತು — ಪಡಸಾಲೆಯಲ್ಲಿ ಕೂರಿಸಿದ ಅತಿಥಿ ಒಳಗೆ ಹೋಗಿ ಬೀರು ತೆರೆದ ಹಾಗೆ. ಆಫೀಸಿನ ಟೆಸ್ಟ್ ಫೋನಿನಲ್ಲಿ ಆಗಿತ್ತು. ದಿನಬಳಕೆಯ ಫೋನಿನಲ್ಲೂ ಆಗುತ್ತದೆಯೇ? ಅದೊಂದು ಗೊತ್ತಾಗಬೇಕಿತ್ತು. ಬೇರೆಯವರ ಫೋನನ್ನು ಕೇಳದೆ ಮುಟ್ಟಬಾರದೆಂದು ನಾನು ಸೇರಿದ ದಿನವೇ ಕಲಿಸಿದವರು ನೀವು.

ಅವತ್ತು ಮಧ್ಯಾಹ್ನ ಅದೇ ಮಾಡೆಲಿನ ನಿಮ್ಮ ಫೋನನ್ನು ನೀವೇ ಕೈಗಿಟ್ಟಿರಿ. "ಯಾಕೋ ಸಖತ್ ಸ್ಲೋ ಆಗ್ಬಿಟ್ಟಿದೆ ಕಣೇ, ಸ್ವಲ್ಪ ನೋಡು. ಡಬ್ಬಿ ಬಿಸಿ ಮಾಡ್ಕೊಂಡು ಬರ್ತೀನಿ."

ಕೇಳಿದ್ದರೆ ಹ್ಞೂಂ ಅನ್ನುತ್ತಿದ್ದಿರೋ ಏನೋ. ಕೇಳುವ ತಾಳ್ಮೆ ಎಲ್ಲಿತ್ತು! ಫೋನನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಆ್ಯಪ್ ಹಾಕಿದೆ. ಮೊದಲ ಸಲ ಸುಮ್ಮನಿತ್ತು. ಎರಡನೇ ಸಲ — ಲ್ಯಾಪ್‌ಟಾಪಿನ ಪರದೆಯ ಮೇಲಿದ್ದ ಡಾಲರ್ ಗುರುತು ಹೋಗಿ ಹ್ಯಾಶ್ ಗುರುತು ಬಂತು. ನಮ್ಮ ಕಸುಬಿನಲ್ಲಿ ಅದರ ಅರ್ಥ ಒಂದೇ: ಇನ್ನು ಈ ಫೋನು ನನ್ನದು. ಅಯ್ಯೋ, ಆ ಖುಷಿಯನ್ನು ಏನೆಂದು ಹೇಳಲಿ! ಬಂತು, ಬಂತು ಎಂದು ಒಬ್ಬಳೇ ಪಿಸುಗುಟ್ಟಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಇನ್ನೊಂದೇ ಒಂದು ನೋಡೋಣ, ಬರೀ ಒಂದು — ನೀವು ಪ್ರತ್ಯೇಕ ಬೀಗ ಹಾಕಿಟ್ಟಿದ್ದ ಮೆಸೇಜುಗಳನ್ನು ತೆರೆದೆ.

"ರೇಣು, ಹಾರ್ಟ್‌ಬೀಟ್ ಕೇಳಿಸ್ತು ಕಣೇ! ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳ್ಬೇಡ. ಅತ್ತೆಗೂ ಹೇಳಿಲ್ಲ."

ನೀವು ಹಿಂದೆ ಎರಡು ಸಲ ಬಸಿರು ಕಳೆದುಕೊಂಡಿದ್ದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಡಬ್ಬಿ ಹಿಡಿದು ಬಂದಿರಿ. ಎರಡು ಖುಷಿ ಒಟ್ಟಿಗೆ ನೆತ್ತಿಗೇರಿ, ಎದ್ದು ನಿಮ್ಮನ್ನು ತಬ್ಬಿಕೊಂಡೆ. "ಅಕ್ಕಾರ, ತಾಯಿ ಆಗಾಕತ್ತೀರಿ! ಸಿಹಿ ಯಾವಾಗ್ರೀ?" ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು.

ನಿಮ್ಮ ಮುಖ ಬಿಳಿಚಿಕೊಂಡಿತು. "ಯಾರು ಹೇಳಿದ್ರು ನಿಂಗೆ?"

ನಿಜ ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಬೆಳಿಗ್ಗೆ ತಾನೇ ರೇಣು ನಿಮಗೆ ಮಾತ್ರೆ ಕೊಡಲು ಆಫೀಸಿಗೆ ಬಂದು, ನನ್ನ ಜೊತೆಯೂ ನಾಲ್ಕು ಮಾತಾಡಿ ಹೋಗಿದ್ದಳು —

"ರೇಣು ಹೇಳಿದ್ಳ್ರೀ."

ನನ್ನ ವರದಿಗೆ ಚಪ್ಪಾಳೆ ಬಿತ್ತು. ಮುಂದಿನ ಅಪ್‌ಡೇಟಿನಲ್ಲಿ ತೂತು ಮುಚ್ಚಿತು. ಆ ಮೆಸೇಜಿನ ವಿಷಯ ವರದಿಯಲ್ಲಿ ಬರೆಯಲಿಲ್ಲ. ರೇಣು ದೇವರಾಣೆ ಮಾಡಿದಳು, ಅತ್ತಳು. "ಹೇಳಿದ್ದೂ ಅಲ್ದೆ ಸುಳ್ಳು ಬೇರೆ ಹೇಳ್ತಾಳಲ್ಲೇ" ಎಂದು ನೀವು ನನ್ನ ಹತ್ತಿರವೇ ಅತ್ತಿರಿ, ಅವಳ ನಂಬರನ್ನೇ ತೆಗೆದುಹಾಕಿದಿರಿ. ನಾನು ನಿಮ್ಮ ಬೆನ್ನು ಸವರಿದೆ — ಥೂ, ಆ ಕೈ! ಮಗಳು ಸುಖವಾಗಿ ಹುಟ್ಟಿದಳು. ನಾಮಕರಣಕ್ಕೆ ರೇಣುವನ್ನು ಕರೆಯಲಿಲ್ಲ. ಚಿಕ್ಕಮ್ಮ ನಿಲ್ಲಬೇಕಾದ ಜಾಗದಲ್ಲಿ ನಾನು ನಿಂತು ತೊಟ್ಟಿಲು ತೂಗಿದೆ.

ಹೋದ ವಾರ ಯಡಿಯೂರು ಕೆರೆಯ ಬಳಿ ಮಗು ಓಡಿ ಬಂದು ನನ್ನನ್ನು "ಚಿಕ್ಕಮ್ಮಾ" ಎಂದಿತು. ನೀವು ನಕ್ಕಿರಿ. ನನಗೆ ಆಗಲಿಲ್ಲ, ಅಕ್ಕ.

ಇವತ್ತು ಹೊಸಕೆರೆಹಳ್ಳಿಗೆ ಹೋಗಿ ರೇಣುವಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ.  ಅವಳು ಒಂದೇ ಒಂದು ಮಾತು ಕೇಳಿದಳು: "ನಾನೊಬ್ಳು ಇದೀನಿ ಅಂತ ಮಗೂಗೆ ಗೊತ್ತಾ?"



ಕ್ಷಮಿಸಿ ಎಂದು ಬರೆಯಲು ಮುಖವಿಲ್ಲ. ನಾಳೆ ಬೆಳಿಗ್ಗೆ ಅವಳನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಅವಳನ್ನು ಒಳಗೆ ಕರೆಯಿರಿ, ಶೈಲಕ್ಕ. ನಾನು ಗೇಟಿನ ಹೊರಗೇ ನಿಂತಿರುತ್ತೇನೆ.