ಗಾಳಿಯಲ್ಲಿ ತೊಳಸಿದ ಮುದ್ದೆ

ಬೆಳಗ್ಗೆ ಆರು ಗಂಟೆ. ಚಿಕ್ಕಬಾಣಾವರದ ಈ ಹೊಸ ಅಡುಗೆಮನೆಯಲ್ಲಿ ಅಡುಗೆ ಕಟ್ಟೆಯಿನ್ನೂ ಆಗಿಲ್ಲ, ಒಲೆಯಿಲ್ಲ, ಪಾತ್ರೆಯಿಲ್ಲ. ಆದರೂ ಎಪ್ಪತ್ತರ ಪಿಳ್ಳಮ್ಮ ಕೋಲು ಹಿಡಿದು ಗಾಳಿಯಲ್ಲೇ ಮುದ್ದೆ ತೊಳಸುತ್ತಿದ್ದಾರೆ. ಅವರ ಮೊಳಕೈಯನ್ನೇ ನೋಡುತ್ತ ಕುಕ್ಕರುಗಾಲಲ್ಲಿ ಕೂತಿರುವವರು ಕಲ್ಲು ಕೂರಿಸುವ ಮುದಕಪ್ಪ.

"ಇನ್ನೊಂದೀಟು ಒತ್ರಿ ಅಮ್ಮಾರ, ನಾಚಬ್ಯಾಡ್ರಿ."

ನಕ್ಷೆಯಲ್ಲಿ ಕಟ್ಟೆಯ ಎತ್ತರ ಮೂವತ್ತನಾಲ್ಕು ಇಂಚು. ಸೊಸೆ ಲಾವಣ್ಯಳಿಗೆ ಅದು ಸರಿ. ಕುಳ್ಳಗಿರುವ ಪಿಳ್ಳಮ್ಮನಿಗೆ ಮಾತ್ರ ಅದರ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ ಬಂದರೆ ಕೋಲು ಗಲ್ಲಕ್ಕೇ ತಾಗುತ್ತದೆ. "ಇನ್ಮೇಲೆ ಆರಾಮಾಗಿ ಕೂತ್ಕೊಮ್ಮ" ಎಂದು ಮಗ ಮುರಳಿ ಪ್ರೀತಿಯಿಂದಲೇ ಹೇಳಿದ್ದಾನೆ. ಪಿಳ್ಳಮ್ಮನ ಸಂಕಟವೂ ಅದೇ.

"ಅಂಗಂದ್ರೆ ಈಚ್ಗೆ ಕೂತು ಟೀವಿ ನೋಡ್ಬೇಕಾ? ಐವತ್ತೊರ್ಷ ಈ ಕೈಲೇ ತೊಳ್ಸಿವ್ನಿ."

ಇಳಕಲ್ ಕಡೆಯ ಮುದಕಪ್ಪ ಬಾಗಲಗುಂಟೆಯ ಬಾಡಿಗೆ ಕೋಣೆಗೆ ಬಂದು ಇಪ್ಪತ್ತೊಂದು ವರ್ಷ. ಕಲ್ಲು ಹೊತ್ತು ಬಲಭುಜ ಇಳಿದಿದೆ. ಕಲ್ಲಿನ ಧೂಳಿಗೆ ಕೆಮ್ಮು ಹತ್ತಿದ ಮೇಲೆ ನೀರು ಬಿಡದೆ ಕಟರ್ ಮುಟ್ಟುವುದಿಲ್ಲ. ಮುನ್ನೂರಕ್ಕೂ ಹೆಚ್ಚು ಕಟ್ಟೆಗಳಾಗಿವೆ, ಒಂದೊಂದಕ್ಕೆ ಮೂರು ದಿನ. ಟೇಪು ಬಿಚ್ಚುವ ಮೊದಲು ಅವರು ಕೇಳುವುದು, ಈ ಮನೆಯಲ್ಲಿ ದಿನಾ ಏನು ಅಡುಗೆ ಅಂತ.

"ದೋಸಿ ಹುಯ್ಯೋರಿಗೆ ಒಂದು ಎತ್ತರ, ರೊಟ್ಟಿ ಬಡಿಯೋರಿಗೆ ಒಂದು. ಮುದ್ದಿಗೆ ಮೈಭಾರ ಹಾಕಿ ಒತ್ತಬೇಕ್ರಿ. ನಕ್ಷಾ ಬರ್ದವ್ರು ಮುದ್ದಿ ಮಾಡಿಲ್ಲ, ಅಷ್ಟ."

ಒಂದೇ ಉದ್ದನೆಯ ಚಪ್ಪಡಿಯಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಪುಣ್ಯಕ್ಕೆ ಇವು ಎರಡಡಿಯ ಕಲ್ಲಿನ ಟೈಲ್ಸ್. ಪಿಳ್ಳಮ್ಮನ ಮೊಳಕೈ ನಿಂತ ಎತ್ತರ ಅಳೆದು, ಒಲೆ ಕೂರುವ ಕಡೆ ಏಳು ಇಂಚು ಇಳಿಸುತ್ತೇನೆ ಎನ್ನುತ್ತಾರೆ ಮುದಕಪ್ಪ. ಮುರಳಿ ತಲೆ ಕೆರೆದುಕೊಳ್ಳುತ್ತಾನೆ: "ಮೆಟ್ಲು ಥರ ಕಾಣತ್ತಲ್ಲಣ್ಣ."

"ಕಾಣ್ಲಿ ಬಿಡ್ರೀ," ಎನ್ನುತ್ತಾಳೆ ಲಾವಣ್ಯ. "ಗಂಟಿಲ್ದೆ ಮುದ್ದೆ ಮಾಡೋಕೆ ನಂಗಂತೂ ಬರಲ್ಲ."

ನಾಲ್ಕನೆಯ ದಿನ ಸಂದುಗಳೆಲ್ಲ ಒಣಗಿವೆ, ಒಲೆ ಉರಿಯುತ್ತಿದೆ. ಪಿಳ್ಳಮ್ಮ ಭುಜ ಎತ್ತದೆ, ಮೈಯೆಲ್ಲ ಭಾರ ಬಿಟ್ಟು ತೊಳಸುತ್ತಾರೆ. ಮೊದಲ ಮುದ್ದೆ ಮುದಕಪ್ಪನ ತಟ್ಟೆಗೆ. ಅವರು ಮುರಿದು ನೋಡುತ್ತಾರೆ, ಒಂದು ಗಂಟೂ ಇಲ್ಲ. ಖುಷಿಯಿಂದ ಬಾಯಿಗಿಟ್ಟು, ರೊಟ್ಟಿ ತಿಂದ ಬಾಯಲ್ಲವೇ, ಅಗಿಯಲು ಶುರುಮಾಡುತ್ತಾರೆ.

"ಅಗೀಬ್ಯಾಡ ಕಣಪ್ಪ, ನುಂಗು," ಪಿಳ್ಳಮ್ಮನಿಗೆ ನಗು ತಡೆಯದು. "ಅದ್ಸರಿ, ನಿನ್ ಎಂಡ್ರು ಕಟ್ಟೆ ಎಷ್ಟೆತ್ರ?"

"ದೇವಕ್ಕ ನೆಲದ ಮ್ಯಾಲ ಕುಂತ ರೊಟ್ಟಿ ಬಡಿತಾಳ್ರಿ. ಬಾಡಿಗಿ ಖೋಲಿ," ಎನ್ನುವ ಮುದಕಪ್ಪನ ಮುಖದಲ್ಲಿ ನಾಚಿಕೆಯ ನಗು. "ಆದ್ರ ಹ್ವಾದ ದೀಪಾವಳಿಗೆ ಅಕಿನ್ನ ನಿಲ್ಲಿಸಿ ಗಾಳ್ಯಾಗ ರೊಟ್ಟಿ ಬಡಿಸೀನಿ. ಅಕಿ ಕಟ್ಟಿ ಇಪ್ಪತ್ತೊಂಬತ್ತ ಇಂಚು. ಎಲ್ಲೂ ಬರದಿಟ್ಟಿಲ್ರಿ. ಮರಿಯೂದಲ್ಲ ಅದು."