ಇಬ್ಬರಲ್ಲಿ ಒಬ್ಬರು

ನಾನು ಕಮಲಾಪುರಕ್ಕೆ ಹೋದದ್ದು ಪಂಚಮಿಗೆ ಮುಂಚೆಯೋ ಆಮೇಲೋ, ಈಗ ಖಚಿತವಾಗಿ ಹೇಳಲಾರೆ. ಪಡಸಾಲೆಯಲ್ಲಿ ಯಾರು ಎಲ್ಲಿ ಕೂತಿದ್ದರೆಂಬುದನ್ನೂ ನಂತರ ನಾನೇ ಜೋಡಿಸಿಕೊಂಡಿರಬಹುದು. ಆಡಿದ ಮಾತುಗಳು ಮಾತ್ರ ಹೀಗೇ ಇದ್ದವು ಎಂದು ನಂಬಿದ್ದೇನೆ. ಹಾಗೆ ನಂಬುವುದು ನನಗೆ ಅನುಕೂಲವೂ ಹೌದು.

ಅವ್ವನ ಎರಡೂ ಕಿಡ್ನಿ ಕೆಟ್ಟು ಕಲಬುರಗಿಯಲ್ಲಿ ಡಯಾಲಿಸಿಸ್ ನಡೆದಿತ್ತು. ನನ್ನ ರಕ್ತದ ಗುಂಪು ಹೊಂದಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ. ಉಳಿದವರು ಕಮಲಾಪುರದಲ್ಲಿದ್ದ ಅವ್ವನ ಅಣ್ಣ ಮತ್ತು ತಮ್ಮ. ಇಬ್ಬರ ಗುಂಪೂ ಅವಳದೇ. ಒಬ್ಬರಾದರೂ ಬಂದು ಮುಂದಿನ ತಪಾಸಣೆ ಮಾಡಿಸಿಕೊಳ್ಳಲಿ ಎಂದಿದ್ದರು ಡಾಕ್ಟರು.

ಜೇವರ್ಗಿ ಕಾಲೋನಿಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಶನ್ ಹೇಳುವವಳು ನಾನು. ಎರಡು ಘಟನೆಗಳಲ್ಲಿ ಯಾವುದಾದರೂ ಒಂದು ಘಟಿಸುವ ಸಂಭವನೀಯತೆ ಬೇಕೆಂದರೆ ಎರಡನ್ನೂ ಕೂಡಿಸಿ, ಎರಡೂ ಒಟ್ಟಿಗೆ ಘಟಿಸುವ ಪಾಲನ್ನು ಕಳೆಯಬೇಕು. ಇಲ್ಲದಿದ್ದರೆ ಆ ಪಾಲು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಮಾಮಾ ಒಪ್ಪುವುದು ಅರ್ಧ, ಸಣ್ಣ ಮಾಮಾ ಒಪ್ಪುವುದು ಅರ್ಧ. ಇಬ್ಬರೂ ಒಪ್ಪುವ ಕಾಲು ಪಾಲು ಕಳೆದರೂ ಮುಕ್ಕಾಲು ಉಳಿಯುತ್ತದೆ. ಬಸ್ಸಿನಲ್ಲಿ ಆ ಮುಕ್ಕಾಲನ್ನೇ ನೆಚ್ಚಿಕೊಂಡು ಕೂತಿದ್ದೆ.

ದೊಡ್ಡ ಮಾಮಾ ಚಹಾ ಮುಗಿಸಿ, "ನನಗ ವಯಸ್ಸಾತು ಯವ್ವಾ. ತಮ್ಮ ಗಟ್ಟಿ ಅದಾನ. ಅಂವ ಹೂಂ ಅಂದ್ರ ನಂದೇನೂ ತಕರಾರಿಲ್ಲ" ಎಂದರು.

ಹಿತ್ತಲಿನಲ್ಲಿದ್ದ ಸಣ್ಣ ಮಾಮಾನ ಬಳಿ ಹೋದೆ.

"ಅಣ್ಣ ಇರಬೇಕಾದ್ರ ನಾ ಹೆಂಗ ಮುಂದ ಬೀಳ್ಲಿ? ನಮ್ಮನ್ಯಾಗ ಹೆಣ್ಣು ನೋಡಾಕ ಹೋಗೂದಿದ್ರೂ ಮೊದ್ಲು ಅವ್ರ ಬಾಯಿಂದ ಬರಬೇಕು. ಹೋಗು ಅನ್ಲಿ, ನಾಳೆನೇ ಬರ್ತೀನಿ."

"ನೀ ಹೂಂ ಅಂದ್ರ ಸಾಕು ಅನ್ನಾಕತ್ತಾರಲ್ಲ ಮಾಮಾ!"

"ಹೋಗು ಅಂತ ಅಂದಿಲ್ಲಲ್ಲ."

ಮತ್ತೆ ಪಡಸಾಲೆಗೆ ಬಂದೆ. ದೊಡ್ಡ ಮಾಮಾ ಸಿಡುಕಿದರು: "ಕಿಡ್ನಿ ಅವಂದು. ಕೊಡು ಅಂತ ನಾ ಹೆಂಗ ಹೇಳ್ಲಿ?"

ಮರುವಾರ ಆ ಮನೆಯಿಂದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಬಂತು. ಡಯಾಲಿಸಿಸ್ ನಡೆಯುವಾಗ ಬಾಳೆಹಣ್ಣು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು. ಅವ್ವ ನಕ್ಕಳು. "ಕೇಳಿದ್ದೊಂದು, ಕಳಿಸಿದ್ದೊಂದು. ಅದನ್ನೂ ತಿನ್ನಂಗಿಲ್ಲ. ನೋಡು ನನ್ನ ತವರು!" ಆದರೂ ಹೊರಗೆ ಆಟೋ ನಿಂತಾಗಲೆಲ್ಲ ಬಾಗಿಲ ಕಡೆ ತಿರುಗುತ್ತಿದ್ದಳು. ಯಾರೂ ಬರಲಿಲ್ಲ. ಚಳಿಗಾಲದಲ್ಲಿ ತೀರಿಕೊಂಡಳು.

ಒಂದು ನಾಣ್ಯಕ್ಕೆ ಇನ್ನೊಂದು ಹೇಗೆ ಬಿತ್ತೆಂಬುದು ಗೊತ್ತಿರುವುದಿಲ್ಲ. ನನ್ನ ಮುಕ್ಕಾಲು ಅಂಥ ನಾಣ್ಯಗಳ ಲೆಕ್ಕವಾಗಿತ್ತು. ಇಲ್ಲಿ ಒಬ್ಬನು ಇದ್ದುದೇ ಇನ್ನೊಬ್ಬನು ಬಾರದಿರಲು ಕಾರಣ. ಇಬ್ಬರನ್ನು ಕೂಡಿಸಿದರೆ ಒಬ್ಬನಿಗಿಂತ ಕಡಿಮೆಯಾಗುವ ಲೆಕ್ಕವನ್ನು ಯಾವ ವಿಶ್ವವಿದ್ಯಾಲಯವೂ ನನಗೆ ಕಲಿಸಿರಲಿಲ್ಲ.

ಮುತ್ತೈದೆ ಸತ್ತರೆ ತವರಿನವರು ಸೀರೆ ಹೊದಿಸಬೇಕು. ಒಂದು ಸಾಕು. ಆ ದಿನ ಮಾತ್ರ ಅವರು ಒಬ್ಬರನ್ನೊಬ್ಬರು ಕಾಯಲಿಲ್ಲ. ಬೇರೆ ಬೇರೆ ಅಂಗಡಿಗಳಿಂದ ಎರಡು ಹಸಿರು ಸೀರೆ ಬಂದವು. ಒಂದರ ಮೇಲೊಂದು ಎರಡನ್ನೂ ಹೊದಿಸಿದರು. ನಾನು ಕಳೆದಿದ್ದ ಕಾಲು ಪಾಲು ಅದೇ ಇರಬೇಕು.

ಮಣ್ಣು ಮುಗಿಸಿ ಹೊರಟಾಗ, ಕಾರು ಹತ್ತುತ್ತಿದ್ದ ಸಣ್ಣ ಮಾಮಾನನ್ನು ತಡೆದು ಒಂದು ಮಾತು ಕೇಳಿದೆ. ಅವನು ಅಣ್ಣನ ಮುಖ ನೋಡಿದ. ಕೇಳಿದ್ದು ಇಷ್ಟೇ:

"ಅವ್ವಗ ನೀ ಒಬ್ಬನೇ ಇದ್ದಿದ್ರ ಬರ್ತಿದ್ದೇನು ಮಾಮಾ?"